ವಿಡಿಯೋ ಗೇಮುಗಳ ಮಾಡ್ ರಚನೆ: ಹೊಸಬರಿಗೆ ಮೊದಲ ಪಾಠ

ಕಳೆದ ಬೇಸಗೆಯ ರಜೆಯಲ್ಲಿ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯೊಬ್ಬರು ತಮ್ಮ ಮಗಳನ್ನು ನನ್ನ ಮನೆಗೆ ಕರೆತಂದು, "ಇವಳು ಹೊತ್ತು ಸಿಕ್ಕಿದಾಗಲೆಲ್ಲ ಕಂಪ್ಯೂಟರಿನ ಆಟದಲ್ಲಿಯೇ ಮಗ್ನಳಾಗಿರುತ್ತಾಳೆ. ಆಡುವುದು ಸಾಲದೆಂದು ಈಗ ಆಟವನ್ನೇ ತಿದ್ದುತ್ತೇನೆಂದು ಹಟ ಹಿಡಿದಿದ್ದಾಳೆ. ಇದು ವಿದ್ಯೆಯೋ ವ್ಯಸನವೋ ನೀವೇ ಹೇಳಿರಿ" ಎಂದು ಕೇಳಿದರು. ಅಂದು ನಾನು ಕೊಟ್ಟ ಉತ್ತರವು ಅರೆಬರೆಯಾಗಿತ್ತು. ಈ ಸಂಚಿಕೆಗೆ ಏನಾದರೂ ಬರೆಯಬೇಕೆಂಬ ಅಪ್ಪಣೆಯಾಗಿರುವುದರಿಂದ, ಆ ತಾಯಿಗೆ ಸಲ್ಲಬೇಕಾಗಿದ್ದ ಉತ್ತರವನ್ನು ಸ್ವಲ್ಪ ಸಾವಧಾನದಿಂದ ಇಲ್ಲಿ ಬರೆಯಲುದ್ಯುಕ್ತಳಾಗಿದ್ದೇನೆ. ಇಂಥ ಪ್ರಶ್ನೆಯು ಅವರೊಬ್ಬರದೇ ಅಲ್ಲವೆಂದು ಬಲ್ಲೆನು.

ಮೊದಲು ಹೆಸರಿನ ವಿಚಾರ. ಮಾರ್ಪಾಟು ಎಂಬರ್ಥವುಳ್ಳ ಉದ್ದವಾದ ಇಂಗ್ಲಿಷ್ ಪದವೊಂದರ ಬಾಲವನ್ನು ಕತ್ತರಿಸಿ 'ಮಾಡ್' ಎಂದು ಕರೆಯುವುದು ರೂಢಿಯಾಗಿದೆ. ಕನ್ನಡದ ಕಿವಿಗೆ ಇದು 'ಮಾಡು' ಎಂಬ ಅಪ್ಪಣೆಯಂತೆಯೇ ಕೇಳಿಸುತ್ತದೆ. ಕೇಳಿಸಿದರೆ ತಪ್ಪೂ ಇಲ್ಲ. ಒಬ್ಬರು ರಚಿಸಿ ಮಾರಿದ ಆಟಕ್ಕೆ ಆಡುವವರೇ ತಮ್ಮ ಕೈಯಿಂದ ಹೊಸ ಮಾತನ್ನೋ ಹೊಸ ಚಿತ್ರವನ್ನೋ ಹೊಸ ಊರನ್ನೋ ಸೇರಿಸುವುದಕ್ಕೆ ಮಾಡ್ ಎಂದು ಹೆಸರು. ನಮ್ಮ ಹೊಲಿಗೆಯ ತರಗತಿಯನ್ನು ನೆನೆಯಿರಿ. ನಮ್ಮಲ್ಲಿ ಯಾರಿಗೂ ಮೊದಲ ದಿನವೇ ಹೊಸ ಬಟ್ಟೆಯನ್ನು ಕೊಟ್ಟು ರವಿಕೆಯನ್ನು ಬೆತ್ತಿರೆಂದು ಹೇಳಲಿಲ್ಲ. ಸಿದ್ಧವಾಗಿದ್ದ ರವಿಕೆಯ ಹೊಲಿಗೆಯನ್ನು ಒಂದಂಗುಲ ಬಿಚ್ಚಿ ಮತ್ತೆ ಹಾಕಿರೆಂದರು. ಅದರಿಂದಲೇ ತೋಳು ದೇಹಕ್ಕೆ ಹೇಗೆ ಕೂಡುತ್ತದೆಂಬುದು ನಮ್ಮ ಕಣ್ಣಿಗೆ ಬಿತ್ತು. ಮಾಡ್ ರಚನೆಯೂ ಅಂಥದೇ.

ಎಲ್ಲ ಆಟಗಳೂ ಹೀಗೆ ತಿದ್ದಲು ಬರುವಂತಿರುವುದಿಲ್ಲ. ತಿದ್ದುವುದಕ್ಕೆ ಅನುಕೂಲವಾಗುವಂತೆ ಆಟವನ್ನು ಕಟ್ಟುವ ಪದ್ಧತಿಯು ಪ್ರಬಲವಾದದ್ದು ೧೯೯೩ನೆಯ ಇಸವಿಯ ಡಿಸೆಂಬರಿನಲ್ಲಿ ಅಮೆರಿಕೆಯ ಇಡ್ ಸಾಫ್ಟ್‌ವೇರ್ ಎಂಬ ಸಂಸ್ಥೆಯು ಹೊರತಂದ 'ಡೂಮ್' ಎಂಬ ಆಟದಿಂದ. ಅದೇ ಸಂಸ್ಥೆಯ ೧೯೯೨ರ ಆಟವೊಂದನ್ನು ಆಟಗಾರರು ಹೇಳದೆ ಕೇಳದೆ ತಿದ್ದಿ ಹಂಚಿಕೊಂಡದ್ದನ್ನು ರಚನಕಾರರು ಕಂಡಿದ್ದರು. ಸಿಟ್ಟಾಗುವುದಕ್ಕೆ ಬದಲಾಗಿ ಅವರು, ಹೊಸ ಆಟದಲ್ಲಿ ನಡೆಸುವ ಯಂತ್ರವನ್ನು ಒಂದು ಕಡೆಗೂ, ಚಿತ್ರ, ಧ್ವನಿ, ನಕ್ಷೆಗಳನ್ನು 'ವ್ಯಾಡ್' ಎಂಬ ಬೇರೊಂದು ಗಂಟಿಗೂ ಹಾಕಿಟ್ಟರು. ಯಂತ್ರವನ್ನು ಮುಟ್ಟದೆಯೇ ಗಂಟನ್ನು ಬದಲಾಯಿಸಬಹುದಾಯಿತು. ೧೯೯೪ರಲ್ಲಿಯೇ ನಕ್ಷೆ ತಿದ್ದುವ ಸಾಧನವನ್ನು ಆಟಗಾರರೇ ಸಿದ್ಧಪಡಿಸಿ ಹಂಚಿದರು. ೧೯೯೭ರಲ್ಲಿ ಸಂಸ್ಥೆಯು ಯಂತ್ರದ ಮೂಲ ಬರಹವನ್ನೂ ಪ್ರಕಟಿಸಿತು. ಮುಂದೆ ೧೯೯೯ರಲ್ಲಿ ಮಿನ್ ಲೀ ಮತ್ತು ಜೆಸ್ ಕ್ಲಿಫ್ ಎಂಬ ಇಬ್ಬರು ಯುವಕರು 'ಹಾಫ್ ಲೈಫ್' ಎಂಬ ಆಟಕ್ಕೆ ಮಾಡಿದ 'ಕೌಂಟರ್ ಸ್ಟ್ರೈಕ್' ಎಂಬ ಮಾಡ್ ಎಷ್ಟು ಜನಪ್ರಿಯವಾಯಿತೆಂದರೆ, ಮೂಲ ಆಟದ ಒಡೆಯರಾದ ವಾಲ್ವ್ ಸಂಸ್ಥೆಯವರೇ ಅದನ್ನು ಕೊಂಡು ೨೦೦೦ದಲ್ಲಿ ಸ್ವತಂತ್ರ ಆಟವಾಗಿ ಮಾರಿದರು. ಇವೆರಡೂ ಗುಂಡು ಹಾರಿಸುವ ಆಟಗಳು. ನನಗೆ ಅವು ರುಚಿಸವು. ಆದರೆ ಇತಿಹಾಸವನ್ನು ನನ್ನ ರುಚಿಗೆ ತಕ್ಕಂತೆ ತಿದ್ದಲಾಗದು.

ಹೊಸಬರಿಗೆ ಕಲಿಸಲು ನಾನು ಆರಿಸಿಕೊಂಡಿರುವುದು 'ಸ್ಟಾರ್‌ಡ್ಯೂ ವ್ಯಾಲಿ' ಎಂಬ ಆಟ. ಅಮೆರಿಕೆಯ ಎರಿಕ್ ಬರೋನ್ ಎಂಬವರು ನಾಲ್ಕು ವರ್ಷಗಳಿಗೂ ಮಿಕ್ಕಿ ಒಬ್ಬರೇ ಕುಳಿತು ಇದರ ಬರಹ, ಚಿತ್ರ, ಸಂಗೀತಗಳೆಲ್ಲವನ್ನೂ ರಚಿಸಿ ೨೦೧೬ನೆಯ ಫೆಬ್ರವರಿಯಲ್ಲಿ ಪ್ರಕಟಿಸಿದರು. ಪಾಳುಬಿದ್ದ ಅಜ್ಜನ ಹೊಲವನ್ನು ಉತ್ತು ಬಿತ್ತಿ, ಪಕ್ಕದ ಸಣ್ಣ ಊರಿನ ಜನರೊಡನೆ ಸ್ನೇಹ ಬೆಳೆಸುವುದೇ ಇದರ ಕಥೆ. ಇದರ ಮಾಡ್‌ಗಳನ್ನು ರಚಿಸಲು ಎರಡು ಸಾಧನಗಳಿವೆ. ಎರಡಕ್ಕೂ ಹಣ ಕೊಡಬೇಕಾದ್ದಿಲ್ಲ. ಒಂದರ ಹೆಸರು 'ಸ್ಮಾಪಿ'. ಇದು ಆಟವನ್ನು ತೆರೆಯುವಾಗ 'ಮಾಡ್ಸ್' ಎಂಬ ಚೀಲದೊಳಗಿರುವುದನ್ನೆಲ್ಲ ಓದಿ ಆಟಕ್ಕೆ ಕೂಡಿಸುತ್ತದೆ. ಇನ್ನೊಂದು 'ಕಂಟೆಂಟ್ ಪ್ಯಾಚರ್'. ಇದರ ದೆಸೆಯಿಂದ, ಪ್ರೋಗ್ರಾಮಿನ ಭಾಷೆಯ ಗಂಧವೂ ಇಲ್ಲದವರು ಬರಿಯ ಪಟ್ಟಿಯಂಥ ಬರಹದಿಂದಲೇ ಆಟವನ್ನು ಮಾರ್ಪಡಿಸಬಹುದು. ಇಲ್ಲಿ ಹೊಸಬರಿಗೆ ಮೊಟ್ಟಮೊದಲು ಹೇಳತಕ್ಕ ಮಾತೊಂದುಂಟು: ಈ ರೀತಿಯಲ್ಲಿ ಆಟದ ಮೂಲ ಕಡತಗಳು ಬದಲಾಗುವುದೇ ಇಲ್ಲ. ಮಾರ್ಪಾಟು ಮೇಲೆ ಹೊದಿಸಿದ ಬಟ್ಟೆಯಂತೆ ಇರುತ್ತದೆ; ಚೀಲವನ್ನು ತೆಗೆದುಬಿಟ್ಟರೆ ಎಮಿಲಿಯ ಮಾತೂ ತರಕಾರಿಯ ಬೆಲೆಯೂ ಮೊದಲಿದ್ದಂತೆಯೇ. ನಮ್ಮ ಹೆಣ್ಣುಮಕ್ಕಳು ಯಂತ್ರವನ್ನು ಮುಟ್ಟಲು ಅಂಜುವುದು ಬುದ್ಧಿ ಸಾಲದೆ ಅಲ್ಲ, "ಎಲ್ಲಿ ಕೆಟ್ಟುಹೋದೀತೋ, ಯಾರು ಬಯ್ದಾರೋ" ಎಂಬ ಹೆದರಿಕೆಯಿಂದ. ಆ ಹೆದರಿಕೆಯು ಹೋದ ಮೇಲೆಯೇ ಪಾಠ ಹತ್ತುವುದು.

ಮೊದಲ ಮಾಡ್ ಎಷ್ಟು ಚಿಕ್ಕದಾಗಿರಬೇಕು? ಒಂದೇ ಮಾತಿನಷ್ಟು. ಹೊಸಬರಲ್ಲಿ ಬಹುಮಂದಿ ಬರುವಾಗಲೇ ಹೊಸ ಊರು, ಇಪ್ಪತ್ತು ಪಾತ್ರಗಳು, ಮದುವೆ, ಹಬ್ಬ ಇವೆಲ್ಲವನ್ನೂ ಮನಸ್ಸಿನಲ್ಲಿ ಕಟ್ಟಿಕೊಂಡು ಬರುತ್ತಾರೆ. ಬೇಡವೆನ್ನಬಾರದು, ಒಂದು ಕಾಗದದಲ್ಲಿ ಬರೆದಿಡಲು ಹೇಳಿ, ಆ ಕಾಗದವನ್ನು ಮಡಿಸಿಡಿಸಬೇಕು. ನಾನು ಈ ಬೇಸಗೆಯ ಹುಡುಗಿಗೆ ಕೊಟ್ಟ ಕೆಲಸವು ಇಷ್ಟೇ: ಆ ಊರಿನಲ್ಲಿ ಎಮಿಲಿ ಎಂಬ ಹೊಲಿಗೆ ಬಲ್ಲ ಹೆಂಗಸಿದ್ದಾಳೆ, ಸೋಮವಾರ ಅವಳಾಡುವ ಮಾತನ್ನು ಬದಲಾಯಿಸು.

ಇದಕ್ಕೆ ಎರಡು ಕಡತಗಳು ಸಾಕು. ಮೊದಲನೆಯದು 'ಮ್ಯಾನಿಫೆಸ್ಟ್'. ಮಾಡ್‌ನ ಹೆಸರೇನು, ಬರೆದವರು ಯಾರು, ಎಷ್ಟನೆಯ ಆವೃತ್ತಿ, ಜಗತ್ತಿನಲ್ಲಿ ಬೇರೆ ಯಾವ ಮಾಡ್‌ಗೂ ಇರದ ಗುರುತಿನ ಹೆಸರೇನು, ಇದನ್ನು ಓದತಕ್ಕ ಸಾಧನ ಯಾವುದು ಎಂಬಿಷ್ಟನ್ನು ಅದು ಹೇಳುತ್ತದೆ. ಪಾರ್ಸಲಿನ ಮೇಲಿನ ವಿಳಾಸಚೀಟಿಯೆನ್ನಬಹುದು. ಎರಡನೆಯದು 'ಕಂಟೆಂಟ್'. ಅದರಲ್ಲಿ ಬದಲಾವಣೆಗಳ ಪಟ್ಟಿಯಿರುತ್ತದೆ. ಒಂದೊಂದು ಬದಲಾವಣೆಗೂ ಮೂರು ಪ್ರಶ್ನೆಗಳಿಗೆ ಉತ್ತರ ಬರೆಯಬೇಕು. ಮಾಡಬೇಕಾದ ಕೆಲಸವೇನು? ಮಾಹಿತಿಯನ್ನು ತಿದ್ದುವುದು. ಎಲ್ಲಿ? ಎಮಿಲಿಯ ಸಂಭಾಷಣೆಯ ಕಡತದಲ್ಲಿ. ಯಾವುದನ್ನು ಏನಾಗಿ? 'ಮಾನ್' ಎಂಬ ಸೋಮವಾರದ ಗುರುತಿನ ಮುಂದಿರುವುದನ್ನು ಈ ಹೊಸ ಮಾತಾಗಿ. ಮಾತಿನ ಕೊನೆಯಲ್ಲಿ ಡಾಲರಿನ ಚಿಹ್ನೆಯನ್ನೂ ಎಚ್ ಅಕ್ಷರವನ್ನೂ ಬರೆದರೆ ಎಮಿಲಿಯ ಮುಖವು ನಗುಮುಖವಾಗುತ್ತದೆ. ಇದನ್ನು ನಾನು ಕಡೆಯಲ್ಲಿ ಹೇಳಿದೆನು. ಊಟದ ಕೊನೆಗೆ ಪಾಯಸ ಬಡಿಸಿದಂತೆ.

ಈ ಕಡತಗಳನ್ನು ಬರೆಯುವ ಲಿಪಿಕ್ರಮಕ್ಕೆ 'ಜೇಸನ್' ಎಂದು ಹೆಸರು. ಅದರ ವ್ಯಾಕರಣವು ನಮ್ಮ ಕನ್ನಡ ಪಂಡಿತರ ವ್ಯಾಕರಣಕ್ಕಿಂತ ಸುಲಭವಾದರೂ ಕ್ಷಮೆಯೆಂಬುದನ್ನು ಅರಿಯದು. ಎರಡು ಸಾಲುಗಳ ನಡುವೆ ಅಲ್ಪವಿರಾಮವು ಬಿಟ್ಟುಹೋದರೆ ಇಡೀ ಕಡತವೇ ತಿರಸ್ಕೃತವಾಗುತ್ತದೆ. ಆಗ ಸ್ಮಾಪಿಯ ಕಪ್ಪು ಕಿಟಕಿಯಲ್ಲಿ ಕೆಂಪು ಅಕ್ಷರಗಳು ಕಾಣಿಸಿಕೊಳ್ಳುತ್ತವೆ. ಹೊಸಬರ ಭವಿಷ್ಯವು ನಿರ್ಣಯವಾಗುವುದು ಈ ಕೆಂಪು ಅಕ್ಷರಗಳ ಮುಂದೆಯೇ ಎಂದು ನನಗೆ ಅನುಭವದಿಂದ ತಿಳಿದಿದೆ. ಆ ಅನುಭವವು ನನಗೆ ಹೆಮ್ಮೆ ತರುವಂಥದಲ್ಲ.

ನಾಲ್ಕು ವರ್ಷಗಳ ಹಿಂದೆ ಬೇರೊಬ್ಬ ಹುಡುಗಿಯು ಇದೇ ಪಾಠಕ್ಕೆ ಬಂದಿದ್ದಳು. ಚುರುಕಾದ ಹುಡುಗಿ. ಎರಡು ಗಂಟೆ ಬರೆದು ಆಟವನ್ನು ತೆರೆದಾಗ ಕಿಟಕಿಯ ತುಂಬ ಕೆಂಪು. ಅವಳ ಮುಖವು ಬಾಡಿತು. ನನಗೂ ಅಂದು ಅವಸರವಿತ್ತು. ಅಡುಗೆಮನೆಯಲ್ಲಿ ಕುಕ್ಕರು ಕೂಗುತ್ತಿತ್ತು. "ಸರಿ, ಇತ್ತ ಕೊಡು" ಎಂದು ಕೀಲಿಮಣೆಯನ್ನು ನನ್ನ ಕಡೆಗೆಳೆದುಕೊಂಡು, ಒಂಬತ್ತನೆಯ ಸಾಲಿನ ತುದಿಗೆ ಅಲ್ಪವಿರಾಮವನ್ನಿಟ್ಟೆನು. ಅರ್ಧ ನಿಮಿಷದಲ್ಲಿ ಎಲ್ಲವೂ ಸರಿಹೋಯಿತು. ಅವಳು ವಂದಿಸಿ ಹೋದವಳು ಮತ್ತೆ ಬರಲಿಲ್ಲ. ಬಹುಕಾಲದ ಮೇಲೆ ಮದುವೆಮನೆಯೊಂದರಲ್ಲಿ ಸಿಕ್ಕಾಗ, "ಆ ಮಾಡ್ ಏನಾಯಿತಮ್ಮಾ?" ಎಂದು ಕೇಳಿದೆನು. "ಅದು ನಿಮ್ಮದಲ್ಲವೇ, ಟೀಚರ್?" ಎಂದಳು. ಅವಳ ಮಾತಿನಲ್ಲಿ ಕೊಂಕಿರಲಿಲ್ಲ. ನಿಜವಾಗಿಯೂ ಅವಳು ಹಾಗೆಂದೇ ತಿಳಿದುಕೊಂಡಿದ್ದಳು. ಎರಡು ಗಂಟೆಯ ಅವಳ ದುಡಿಮೆಯು ನನ್ನ ಒಂದು ಅಲ್ಪವಿರಾಮದಿಂದ ನನ್ನದಾಗಿಹೋಗಿತ್ತು.

ಆದುದರಿಂದ ಈ ಬೇಸಗೆಯಲ್ಲಿ ಕೆಂಪು ಅಕ್ಷರಗಳು ಕಾಣಿಸಿಕೊಂಡಾಗ ನಾನು ಕೈಗಳೆರಡನ್ನೂ ಮಡಿಲಿನಲ್ಲಿಟ್ಟುಕೊಂಡು, "ಗಟ್ಟಿಯಾಗಿ ಓದು" ಎಂದಷ್ಟೇ ಹೇಳಿದೆನು. ಹುಡುಗಿಯು ಓದಿದಳು. ಅಪೇಕ್ಷಿಸದ ಅಕ್ಷರವೊಂದು ಸಿಕ್ಕಿತೆಂದೂ ಅದು ಹತ್ತನೆಯ ಸಾಲಿನಲ್ಲಿದೆಯೆಂದೂ ಅದರಲ್ಲಿ ಬರೆದಿತ್ತು. ಹತ್ತನೆಯ ಸಾಲನ್ನು ಮೂರು ಬಾರಿ ನೋಡಿದಳು. ಅಲ್ಲಿ ತಪ್ಪೇನೂ ಇಲ್ಲ. ತಾಯಿಯು ತಾಳಲಾರದೆ, "ನಿಮಗೆ ಗೊತ್ತಿದ್ದರೆ ಹೇಳಿಬಿಡಬಾರದೇ?" ಎಂದರು. ನನಗೆ ಗೊತ್ತಿತ್ತು. ಓದುವ ಯಂತ್ರವು ಎಡವಿದ ಜಾಗವನ್ನು ಹೇಳುತ್ತದೆಯೇ ಹೊರತು ಕಲ್ಲಿಟ್ಟ ಜಾಗವನ್ನಲ್ಲ. ಒಂಬತ್ತನೆಯ ಸಾಲಿನ ಕೊನೆಯಲ್ಲಿ ಅಲ್ಪವಿರಾಮವಿಲ್ಲದಿದ್ದರೆ, ಹತ್ತನೆಯ ಸಾಲಿನ ಮೊದಲಕ್ಷರವನ್ನು ಕಂಡಾಗಲೇ ಅದಕ್ಕೆ ಗಲಿಬಿಲಿಯಾಗುವುದು. "ಯಂತ್ರವು ಆ ಅಕ್ಷರಕ್ಕೆ ಮೊದಲು ಏನನ್ನು ನಿರೀಕ್ಷಿಸಿತ್ತು?" ಎಂದು ಮಾತ್ರ ಕೇಳಿದೆನು. ಸುಮಾರು ನಲವತ್ತು ನಿಮಿಷಗಳಾದವು. ಆಮೇಲೆ ಅವಳು ಕುರ್ಚಿಯಿಂದ ಎದ್ದುನಿಂತು, "ಮೇಲಿನ ಸಾಲು!" ಎಂದು ಕೂಗಿದ ಕೂಗಿಗೆ ಪಕ್ಕದ ಮನೆಯವರು ಬಾಗಿಲಿಗೆ ಬಂದರು. ಆ ನಲವತ್ತು ನಿಮಿಷಗಳು ವ್ಯರ್ಥವೆಂದು ಆ ತಾಯಿಗೆ ಆಗ ತೋರಿತ್ತು. ಆಮೇಲೆ ಅವರೂ ಸುಮ್ಮನಾದರು.

ಎಲ್ಲ ತಪ್ಪುಗಳನ್ನೂ ಹೀಗೆ ಹುಡುಕಿಸಬೇಕೆಂದು ನಾನು ಹೇಳುವುದಿಲ್ಲ. ಬುದ್ಧಿಗೆ ಏನನ್ನೂ ಕಲಿಸದೆ ಬರಿಯ ಕಾಟ ಕೊಡುವ ತಪ್ಪುಗಳುಂಟು. ಅವನ್ನು ಮುಂಚೆಯೇ ಹೇಳಿಬಿಡುವುದು ಲೇಸು. ವಿಂಡೋಸ್ ಕಂಪ್ಯೂಟರುಗಳು ಕಡತದ ಹೆಸರಿನ ಬಾಲವನ್ನು ಮರೆಮಾಡುವುದರಿಂದ, ಹುಡುಗಿಯು ಜೇಸನ್ ಎಂದು ಹೆಸರಿಟ್ಟ ಕಡತವು ಒಳಗೆ 'ಜೇಸನ್ ಡಾಟ್ ಟೆಕ್ಸ್ಟ್' ಆಗಿ ಕುಳಿತಿರುತ್ತದೆ. ಬಾಲವನ್ನು ತೋರಿಸುವ ಏರ್ಪಾಟನ್ನು ಮೊದಲ ದಿನವೇ ಮಾಡಿಕೊಡಿರಿ. ಪತ್ರ ಬರೆಯುವ ವರ್ಡ್ ಮುಂತಾದ ಸಾಧನಗಳಲ್ಲಿ ಬರೆದರೆ ಉದ್ಧರಣ ಚಿಹ್ನೆಗಳು ಅಂದವಾಗಿ ಬಾಗಿಕೊಳ್ಳುತ್ತವೆ. ಜೇಸನ್ ನೆಟ್ಟಗಿನ ಚಿಹ್ನೆಗಳನ್ನಲ್ಲದೆ ಒಪ್ಪದು. ನೋಟ್‌ಪ್ಯಾಡ್‌ನಂಥ ಸರಳ ಬರವಣಿಗೆಯ ಸಾಧನವೇ ಉತ್ತಮ.

ಅಲ್ಪವಿರಾಮವು ಸರಿಹೋಗಿ ಕೆಂಪು ಅಳಿದರೂ ಎಮಿಲಿಯು ಹೊಸ ಮಾತನ್ನು ಆಡಲಿಲ್ಲ! ಈ ತೊಡಕು ನನಗೆ ಬಹಳ ಪ್ರಿಯವಾದದ್ದು. ಹೊಸದಾಗಿ ಆರಂಭಿಸಿದ ಆಟದಲ್ಲಿ ವಸಂತದ ಮೊದಲ ದಿನವು ಸೋಮವಾರವೇ. ಹುಡುಗಿಯು ಓಡೋಡಿ ಹೋಗಿ ಎಮಿಲಿಯನ್ನು ಮಾತನಾಡಿಸಿದರೆ, ಅವಳು ಹಳೆಯ ಮಾತನ್ನೇ ಆಡಿದಳು. ಕಪ್ಪು ಕಿಟಕಿಯಲ್ಲಿ ತಪ್ಪೆಂದು ಏನೂ ಇಲ್ಲ. ಎಮಿಲಿಯ ಸಂಭಾಷಣೆಯ ಕಡತವನ್ನು ಮೇಲಿಂದ ಓದಿಸಿದಾಗ ಗುಟ್ಟು ಹೊರಬಿತ್ತು: ಯಾರನ್ನಾದರೂ ಮೊಟ್ಟಮೊದಲು ಕಂಡಾಗ ಆಡುವ ಪರಿಚಯದ ಮಾತಿಗೆ ಪ್ರತ್ಯೇಕವಾದ ಗುರುತಿದೆ, ಅಂದು ಯಾವ ವಾರವಾದರೂ ಮೊದಲು ಬರುವುದು ಅದೇ. ನಮ್ಮ ಸೋಮವಾರದ ಮಾತು ಎಂಟನೆಯ ದಿನದವರೆಗೆ ಕಾಯಬೇಕು. ಆಟದ ಒಂದು ದಿನವು ನಮ್ಮ ಸುಮಾರು ಹದಿನಾಲ್ಕು ನಿಮಿಷಗಳಷ್ಟಾಗುವುದರಿಂದ, ಸ್ಮಾಪಿಯ ಕಿಟಕಿಯಲ್ಲಿ ಆಜ್ಞೆಯೊಂದನ್ನು ಬರೆದು ದಿನವನ್ನು ಏಳಕ್ಕೆ ಸರಿಸಿ, ಮಲಗಿ ಎದ್ದೆವು. ಎಂಟನೆಯ ದಿನ ಎಮಿಲಿಯು ಆ ಹುಡುಗಿಯ ಮಾತನ್ನು ಆಡಿದಳು, ನಗುಮುಖದಿಂದ. ತಪ್ಪಿಲ್ಲದ ಬರಹವೂ ಆಟದ ನಿಯಮವನ್ನರಿಯದಿದ್ದರೆ ಫಲಿಸದೆಂಬುದನ್ನು ನಾನು ಒಂದು ವಾರ ಬೋಧಿಸಿದ್ದರೂ ಇಷ್ಟು ಚೆನ್ನಾಗಿ ನಾಟುತ್ತಿರಲಿಲ್ಲ.

ಒಂದು ಕೊರತೆಯನ್ನೂ ಇಲ್ಲಿ ಹೇಳಬೇಕು. ಆ ಮಾತನ್ನು ಅವಳು ಕನ್ನಡ ಲಿಪಿಯಲ್ಲಿ ಬರೆಯಬೇಕೆಂದಿದ್ದಳು. ಆಟದ ಅಕ್ಷರಕೋಶದಲ್ಲಿ ಕನ್ನಡವಿಲ್ಲ. ಹೊಸ ಭಾಷೆಗಳನ್ನು ಮಾಡ್‌ಗಳ ಮೂಲಕ ಸೇರಿಸಲು ಅವಕಾಶವಿದ್ದರೂ, ಈ ಆಟವು ಅಕ್ಷರಗಳನ್ನು ಚಿತ್ರದ ಹಾಳೆಯಿಂದ ಒಂದೊಂದಾಗಿ ಆಯ್ದು ಸಾಲಾಗಿ ಜೋಡಿಸುವುದು. ಒಂದರ ಕೆಳಗೊಂದು ಕೂಡುವ ನಮ್ಮ ಒತ್ತಕ್ಷರಗಳ ಮರ್ಮವು ಅದಕ್ಕೆ ತಿಳಿಯದು. ಕೊನೆಗೆ 'ನಮಸ್ಕಾರ' ಎಂಬುದನ್ನು ಇಂಗ್ಲಿಷಿನ ಅಕ್ಷರಗಳಲ್ಲಿಯೇ ಬರೆದಳು. ಅವಳಿಗೂ ನನಗೂ ಸಮಾಧಾನವಾಗಲಿಲ್ಲ.

ಮಾತಿನಿಂದ ಮುಂದಿನ ಹೆಜ್ಜೆಗಳು ತಾವಾಗಿ ಒದಗುತ್ತವೆ. ಪಾರ್ಸ್‌ನಿಪ್ ಎಂಬ ಗೆಡ್ಡೆಯ ಮಾರಾಟದ ಬೆಲೆ ೩೫ ನಾಣ್ಯ. ಅದನ್ನು ಬದಲಿಸಿದರೆ ಅಂಕಿಗಳ ಪರಿಚಯವಾಗುತ್ತದೆ. ಚಿತ್ರ ತಿದ್ದುವುದು ಅದರಾಚೆ, ನಕ್ಷೆ ತಿದ್ದುವುದು ಇನ್ನೂ ಆಚೆ. ಕಲಿಸುವವರು ಒಂದು ವಿಷಯದಲ್ಲಿ ಮಾತ್ರ ಎಚ್ಚರವಾಗಿರಬೇಕು. ೨೦೨೪ರ ಮಾರ್ಚಿಯಲ್ಲಿ ಈ ಆಟದ ೧.೬ನೆಯ ಆವೃತ್ತಿಯು ಬಂದಾಗ ಮಾಹಿತಿಯನ್ನು ಬರೆಯುವ ರೀತಿಯೇ ಬಹಳ ಮಟ್ಟಿಗೆ ಬದಲಾಯಿತು. ಮೊದಲು ಒಂದು ವಸ್ತುವಿನ ಹೆಸರು, ಬೆಲೆ, ವರ್ಣನೆಗಳೆಲ್ಲ ಓರೆಗೆರೆಗಳ ನಡುವೆ ಒಂದೇ ಸಾಲಿನಲ್ಲಿ ತುರುಕಿದ್ದವು. ಬೆಲೆಯು ಎಷ್ಟನೆಯ ಮನೆಯೆಂದು ಎಣಿಸಬೇಕಾಗಿತ್ತು. ಈಗ ಬೆಲೆಗೆ ಬೆಲೆಯೆಂದೇ ಹೆಸರಿದೆ. ಹೊಸಬರಿಗೆ ಇದು ದೊಡ್ಡ ಉಪಕಾರ. ಆದರೆ ಅದಕ್ಕೆ ಹಿಂದೆ ಬರೆದ ಪಾಠಗಳು ಇನ್ನೂ ಎಲ್ಲೆಲ್ಲಿಯೂ ದೊರೆಯುತ್ತವೆ. ಅವನ್ನು ಅನುಸರಿಸಿ ಸೋತ ಮಕ್ಕಳು ತಪ್ಪು ತಮ್ಮದೇ ಎಂದುಕೊಳ್ಳುತ್ತಾರೆ. ಪಾಠದ ತಾರೀಖನ್ನು ನೋಡುವುದು ಪಾಠವನ್ನು ಓದುವುದಕ್ಕಿಂತ ಮೊದಲಿನ ಕೆಲಸ.

ಈಗ ತಾಯಿತಂದೆಗಳಿಗೆ ಎರಡು ಮಾತು. ಬರಿಯ ಪಟ್ಟಿಯಂತಿರುವ ಮಾಡ್‌ಗಳಿಂದ ಕಂಪ್ಯೂಟರಿಗೆ ಅಪಾಯವಾಗುವ ಸಂಭವ ಕಡಿಮೆ. ಆದರೆ ಪ್ರೋಗ್ರಾಮಾಗಿ ಬರೆದ ಮಾಡ್ ಇತರ ಯಾವ ಪ್ರೋಗ್ರಾಮಿನಂತೆಯೇ ಕೇಡನ್ನೂ ಮಾಡಬಲ್ಲುದು. ೨೦೨೩ರ ಜೂನಿನಲ್ಲಿ 'ಮೈನ್‌ಕ್ರಾಫ್ಟ್' ಎಂಬ ಪ್ರಸಿದ್ಧ ಆಟದ ಮಾಡ್‌ಗಳೊಳಗೆ, ಹೆಸರಾಂತ ಉಗ್ರಾಣದಲ್ಲಿಯೇ, ಗುಪ್ತ ಪದಗಳನ್ನು ಕದಿಯುವ ದುಷ್ಟ ಪ್ರೋಗ್ರಾಮು ಸೇರಿಕೊಂಡಿತ್ತು. ಆದಕಾರಣ ಮಕ್ಕಳು ಸಿಕ್ಕಿದ್ದನ್ನೆಲ್ಲ ಇಳಿಸಿಕೊಳ್ಳದಿರಲಿ. ಬ್ಯಾಂಕಿನ ವ್ಯವಹಾರ ನಡೆಸುವ ಕಂಪ್ಯೂಟರಿನಲ್ಲಿ ಈ ಪ್ರಯೋಗಗಳು ಬೇಡ. ಇನ್ನೊಂದು: ಪರರು ಬರೆದ ಚಿತ್ರವನ್ನು ಅಪ್ಪಣೆಯಿಲ್ಲದೆ ತನ್ನ ಮಾಡ್‌ನಲ್ಲಿ ಹಾಕಿ ಹಂಚುವುದು ನೆರೆಯವಳ ಕಸೂತಿಯನ್ನು ತನ್ನದೆಂದು ಪ್ರದರ್ಶನಕ್ಕಿಟ್ಟಂತೆ. ನೋಡಿ ಕಲಿಯುವುದಕ್ಕೆ ಅಡ್ಡಿಯಿಲ್ಲ. ಎಲ್ಲರೂ ಒಟ್ಟಾಗಿ ಸ್ಪರ್ಧಿಸುವ ಜಾಲದ ಆಟಗಳನ್ನು ತಿದ್ದುವುದು ಮೋಸವೆಂದೇ ಗಣ್ಯವಾಗುವುದರಿಂದ ಅವುಗಳ ತಂಟೆಗೇ ಹೋಗಬಾರದು. ಆಟವನ್ನು ಹಣ ಕೊಟ್ಟು ಕೊಳ್ಳಬೇಕೆಂಬುದನ್ನು ಹೇಳಬೇಕಾಗಿಲ್ಲವಷ್ಟೆ.

ವಿದ್ಯೆಯೋ ವ್ಯಸನವೋ ಎಂದು ಕೇಳಿದ ಆ ತಾಯಿಯ ಮಗಳು ಈಗ, ಮಡಿಸಿಟ್ಟಿದ್ದ ಕಾಗದವನ್ನು ಬಿಚ್ಚಿ, ಆ ಊರಿನ ಬೀಜದ ಅಂಗಡಿಯಲ್ಲಿ ರಾಗಿಯನ್ನು ಮಾರಿಸಲು ಹೊರಟಿದ್ದಾಳೆ. ಗೋದಿ, ಭತ್ತ, ಜೋಳಗಳಿರುವ ಆ ಆಟದಲ್ಲಿ ರಾಗಿಯಿಲ್ಲವೆಂಬುದು ಅವಳ ದೂರು. ಇದಕ್ಕೆ ಬೀಜವನ್ನೂ ಧಾನ್ಯವನ್ನೂ ವಸ್ತುಗಳ ಪಟ್ಟಿಯಲ್ಲಿ, ಬೆಳೆಯುವ ಕ್ರಮವನ್ನು ಬೆಳೆಗಳ ಪಟ್ಟಿಯಲ್ಲಿ, ಮಾರಾಟವನ್ನು ಅಂಗಡಿಗಳ ಪಟ್ಟಿಯಲ್ಲಿ ಬರೆಯಬೇಕು. ಪೈರಿನ ಒಂದೊಂದು ಅವಸ್ಥೆಗೂ ೧೬ ಚುಕ್ಕೆ ಅಗಲ, ೩೨ ಚುಕ್ಕೆ ಎತ್ತರದ ಚಿತ್ರ ಬೇಕು. ಚಿತ್ರಗಳನ್ನು ಅವಳ ಅಜ್ಜಿಯು ಪಕ್ಕದಲ್ಲಿ ಕುಳಿತು, "ತೆನೆ ಹಾಗಲ್ಲ, ಬೆರಳು ಮಡಿಸಿದಂತಿರಬೇಕು" ಎಂದು ತಿದ್ದಿಸಿದರಂತೆ. ಕಳೆದ ವಾರ ಬಂದ ಪತ್ರದ ಪ್ರಕಾರ, ಅಂಗಡಿಯಲ್ಲಿ ಬೀಜವು ದೊರೆಯುತ್ತದೆ, ಬಿತ್ತಿದರೆ ಮೊಳೆಯುತ್ತದೆ, ಕೊಯ್ದರೆ ರಾಗಿಯೇ ಕೈಗೆ ಬರುತ್ತದೆ. ಆದರೆ ಹೊಲದಲ್ಲಿ ನಿಂತಿರುವಾಗ ಮಾತ್ರ ಪಾರ್ಸ್‌ನಿಪ್ಪಿನ ಎಲೆಗಳೇ ಕಾಣುತ್ತವೆ. ಪಾರ್ಸ್‌ನಿಪ್ಪಿನ ವಿವರವನ್ನು ನಕಲು ಮಾಡಿಕೊಂಡು ತಿದ್ದುವಾಗ ಒಂದು ಸಾಲು ಹಳೆಯದೇ ಉಳಿದಿದೆಯೆಂದು ಊಹಿಸಿದ್ದೇನೆ. ಯಾವ ಸಾಲೆಂದು ಅವಳಿಗೆ ಬರೆದಿಲ್ಲ.